ಕಂತು ಕಟ್ಟುವವರು ನೀವಾದರೆ ಆರ್‌ಸಿಯಲ್ಲಿ ಹೆಸರೂ ನಿಮ್ಮದೇ ಇರಲಿ
ಲಾರಿ ಕೊಳ್ಳಲು ಹೊರಟ ಡ್ರೈವರುಗಳಿಗೆ: ಮಾಡಬೇಕಾದ್ದು, ಮಾಡಬಾರದ್ದು

ಈ ಸೂಚನೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಲಾರಿ ಡ್ರೈವರುಗಳಿಗೆ. ಅದರಲ್ಲೂ ಹತ್ತು-ಹದಿನೈದು ವರ್ಷ ಮಂದಿ ಗಾಡಿ ಹೊಡೆದು, ಇನ್ನು ಸ್ವಂತದ್ದೊಂದು ಮಾಡಬೇಕು ಎಂದು ಮನಸ್ಸು ಮಾಡಿರುವವರಿಗೆ. ಆಸೆ ತಪ್ಪಲ್ಲ. ಗಾಡಿಯ ಕಸುವು ಎಷ್ಟು, ಯಾವ ಏರಿನಲ್ಲಿ ಎಷ್ಟು ಡೀಸೆಲ್ ಕುಡಿಯುತ್ತದೆ ಎಂಬುದು ಸ್ಟೇರಿಂಗ್ ಹಿಡಿದವನಿಗೆ ಗೊತ್ತಿದ್ದಷ್ಟು ಮತ್ತೊಬ್ಬರಿಗೆ ಗೊತ್ತಿರುವುದಿಲ್ಲ. ಅವನೇ ಮಾಲಕನಾಗುವುದು ನ್ಯಾಯ. ಆದರೆ ನಮ್ಮ ಭಾಗದಲ್ಲಿ ಅವನಿಗೆ ತೋರಿಸುವ ದಾರಿ ಹೆಚ್ಚಾಗಿ ಕೆಟ್ಟದ್ದು.

ಆ ದಾರಿ ಶುರುವಾಗುವ ಬಗೆ ಎಲ್ಲರಿಗೂ ಗೊತ್ತು. "ಎಷ್ಟ ದಿನಾ ಅಂತ ಮಂದಿ ಗಾಡಿ ಹೊಡೀತಿಯೋ ತಮ್ಮಾ? ಎರಡೂವರಿ ಲಕ್ಷ ಕೈಯಾಗ ಕೊಡು, ಉಳದ ಕಂತ ನೀನ ಕಟಗೋತ ಹೋಗು. ಕಂತ ಮುಗದ ಮ್ಯಾಲ ಗಾಡಿ ನಿನ್ನ ಹೆಸರಿಗೆ ಮಾಡಿಕೊಡ್ತೀನಿ" ಎನ್ನುತ್ತಾರೆ ಮಾಲಕರು. ಒಂದು ಬಾಂಡ್ ಪೇಪರ್ ತರುತ್ತಾರೆ. ನೋಟರಿ ಸಿಕ್ಕಾ ಬೀಳುತ್ತದೆ, ಇಬ್ಬರು ಸಾಕ್ಷಿ ಸಹಿ ಹಾಕುತ್ತಾರೆ, ತಾರೀಖು ಬರೆಯದ ಫಾರಂ 29 ಮತ್ತು 30ರ ಮೇಲೆ ಮಾಲಕರು ಸಹಿ ಮಾಡಿ ಕೊಡುತ್ತಾರೆ. ಮರುದಿನ ಗಾಡಿಗೆ ಕಾಯಿ ಒಡೆದು ಲಿಂಬೆಹಣ್ಣು ಕಟ್ಟಿ, ಮುಂದಿನ ಗಾಜಿನ ಮೇಲೆ ಯಲ್ಲಮ್ಮನ ಹೆಸರು ಬರೆಸಿ, ಡ್ರೈವರ್ ಊರ ಕಣ್ಣಲ್ಲಿ ಮಾಲಕನಾಗುತ್ತಾನೆ. ಆರ್‌ಟಿಓ ದಾಖಲೆಯಲ್ಲಿ ಒಂದು ಅಕ್ಷರವೂ ಬದಲಾಗಿರುವುದಿಲ್ಲ.

ಮಾಡಬಾರದ್ದು: ಫೈನಾನ್ಸಿನವರ ಲಿಖಿತ ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಸಾಲದ ಗಾಡಿಯನ್ನು ಬಾಂಡ್ ಪೇಪರಿನ ಮೇಲೆ ತೆಗೆದುಕೊಳ್ಳಬೇಡಿ.

ಈ ಸೂಚನೆಯಲ್ಲಿ ಉಳಿದದ್ದೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ. ಮೋಟಾರು ವಾಹನ ಕಾಯ್ದೆ 1988ರ 51ನೇ ಕಲಂ ಪ್ರಕಾರ, ಆರ್‌ಸಿಯಲ್ಲಿ ಎಚ್‌ಪಿ (ಹೈರ್ ಪರ್ಚೇಸ್) ನಮೂದಾಗಿರುವ ಗಾಡಿಯನ್ನು ಫೈನಾನ್ಸಿನವರ ಲಿಖಿತ ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಹೆಸರಿಗೆ ವರ್ಗ ಮಾಡಲು ಬರುವುದಿಲ್ಲ. ಸಾಲದ ಕರಾರಿನಲ್ಲೂ ಸಾಮಾನ್ಯವಾಗಿ ಇದೇ ಷರತ್ತು ಇರುತ್ತದೆ. ಹೀಗಾಗಿ ನಿಮ್ಮ ಕೈಯಲ್ಲಿರುವ ಬಾಂಡ್ ಪೇಪರ್ ಮಾಲಕರಿಗೂ ನಿಮಗೂ ನಡುವಿನ ಮಾತು ಅಷ್ಟೇ. ಫೈನಾನ್ಸಿಗೆ, ವಿಮಾ ಕಂಪನಿಗೆ, ಆರ್‌ಟಿಓಗೆ ನೀವು ಯಾರೂ ಅಲ್ಲ.

ಇದರಿಂದ ಏನಾಗುತ್ತದೆ ನೋಡಿ. ನೀವು ತಿಂಗಳು ತಪ್ಪದೆ ಮಾಲಕರ ಕೈಗೆ ಕಂತು ಕೊಡುತ್ತೀರಿ. ಅವರು ಅದನ್ನು ಫೈನಾನ್ಸಿಗೆ ಕಟ್ಟಿದರೋ ಇಲ್ಲವೋ ನಿಮಗೆ ತಿಳಿಯುವುದಿಲ್ಲ, ಯಾಕೆಂದರೆ ಮೆಸೇಜ್ ಬರುವುದು ಅವರ ಮೊಬೈಲಿಗೆ. ಅವರು ಬೇರೆ ಗಾಡಿಗಳ ಮೇಲೂ ಸಾಲ ಮಾಡಿದ್ದರೆ ಆ ಬಾಕಿಯ ಭಾರ ನಿಮ್ಮ ಗಾಡಿಯ ಮೇಲೂ ಬೀಳಬಹುದು. ಅವರು ತೀರಿಕೊಂಡರೆ ಆರ್‌ಸಿ ಪ್ರಕಾರ ಗಾಡಿ ಕೇಳುವ ಹಕ್ಕು ಅವರ ಮಕ್ಕಳದು. ಸಹಿ ಮಾಡಿ ಕೊಟ್ಟ ಖಾಲಿ ಫಾರಂಗಳನ್ನು ನಂಬಿಕೊಂಡು ಕೂರುವ ಹಾಗೂ ಇಲ್ಲ. ಈಗ ವರ್ಗಾವಣೆ ಅರ್ಜಿ ಹಾಕಿದರೆ ಓಟಿಪಿ ಬರುವುದು ಮಾರಿದವರ ನಂಬರಿಗೆ. ಮೂರು ವರ್ಷದ ಹಿಂದೆ ಕಾಗದದ ಮೇಲೆ ಸಹಿ ಮಾಡಿದವರು ಇಂದು ಫೋನು ಎತ್ತದಿದ್ದರೆ ಆ ಸಹಿಯಿಂದ ಕೆಲಸ ಆಗುವುದಿಲ್ಲ.

2020ರಲ್ಲಿ ಕೊರೊನಾ ಬಂದಾಗ ರಿಸರ್ವ್ ಬ್ಯಾಂಕು ಮಾರ್ಚ್‌ನಿಂದ ಆಗಸ್ಟ್‌ವರೆಗಿನ ಕಂತುಗಳನ್ನು ಮುಂದಕ್ಕೆ ಹಾಕಲು ಅವಕಾಶ ಕೊಟ್ಟಿತು. ಕೇಳುವ ಹಕ್ಕಿದ್ದದ್ದು ಸಾಲ ಯಾರ ಹೆಸರಿನಲ್ಲಿತ್ತೋ ಅವರಿಗೆ. ಗಾಡಿ ನಿಲ್ಲಿಸಿಕೊಂಡು ಮನೆಯಲ್ಲಿ ಕೂತ, ಬಾಂಡ್ ಪೇಪರಿನ ಡ್ರೈವರಿಗೆ ಆ ಹಕ್ಕು ಇರಲಿಲ್ಲ.

ಅಪಘಾತದ ವಿಷಯ ಇದಕ್ಕಿಂತ ಗಂಭೀರ. ಗಾಡಿ ಮಾರಿದರೂ ಆರ್‌ಸಿಯಲ್ಲಿ ಹೆಸರು ಬದಲಾಗದಿದ್ದರೆ ಪರಿಹಾರದ ಹೊಣೆ ದಾಖಲೆಯ ಮಾಲಕನದ್ದೇ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಮಾರುವ ಮಾಲಕರೂ ಇದನ್ನು ಓದಲಿ. ಗಾಡಿ ಕೈಬಿಟ್ಟೆ, ಇನ್ನು ನನಗೇನು ಎಂದುಕೊಂಡವರ ಮನೆಗೇ ಕೋರ್ಟಿನ ನೋಟಿಸು ಬರುತ್ತದೆ.

ಇನ್ನು ನಿಮ್ಮ ಸ್ವಂತ ಜೀವದ ಮಾತು. 2018ರಿಂದ ಗಾಡಿ ವಿಮೆಯ ಜೊತೆ ಮಾಲಕ-ಚಾಲಕನಿಗೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಇದೆ. ಅದು ಸಿಗಬೇಕಾದರೆ ಗಾಡಿ ಹೊಡೆಯುತ್ತಿದ್ದವರ ಹೆಸರೇ ಆರ್‌ಸಿಯಲ್ಲೂ ಪಾಲಿಸಿಯಲ್ಲೂ ಇರಬೇಕು, ಲೈಸೆನ್ಸ್ ಚಾಲ್ತಿಯಲ್ಲಿರಬೇಕು. ನಿಮ್ಮ ಹೆಸರು ಇಲ್ಲ, ಹಾಗಾಗಿ ಅದು ಸಿಗುವುದಿಲ್ಲ. ಸಂಬಳದ ಡ್ರೈವರ್ ಎಂದು ಪರಿಹಾರ ಕೇಳೋಣವೆಂದರೆ ವಿಮಾ ಕಂಪನಿಯವರು ಅದೇ ಬಾಂಡ್ ಪೇಪರ್ ಮುಂದಿಟ್ಟು, ಇವರು ಆಳಲ್ಲ, ಗಾಡಿ ಕೊಂಡವರು ಎಂದು ವಾದಿಸುತ್ತಾರೆ. ಅತ್ತ ಮಾಲಕನೂ ಅಲ್ಲ, ಇತ್ತ ಡ್ರೈವರನೂ ಅಲ್ಲ. ಹೆಂಡತಿ, ಮಕ್ಕಳ ಕೈಗೆ ಉಳಿಯುವುದು ಬಾಕಿ ಕಂತು.

ಮಾಡಬೇಕಾದ್ದು: ಮಾತುಕತೆಗೆ ಕೂರುವ ಮೊದಲೇ ಗಾಡಿ ನಂಬರ್ ಹಾಕಿ ನೋಡಿ.

ಎಂ-ಪರಿವಾಹನ್ ಆ್ಯಪ್ ಎಲ್ಲರ ಮೊಬೈಲಿನಲ್ಲೂ ಬರುತ್ತದೆ. ಗಾಡಿ ಮೇಲೆ ಫೈನಾನ್ಸ್ ಇದೆಯೇ, ಪಾಸಿಂಗ್ ಯಾವಾಗ ಮುಗಿಯುತ್ತದೆ, ವಿಮೆ, ಟ್ಯಾಕ್ಸು, ಪರ್ಮಿಟ್ ಎಲ್ಲಿಯವರೆಗೆ ಇದೆ ಎಂಬುದನ್ನು ಅಲ್ಲೇ ನೋಡಬಹುದು. ಇ-ಚಲನ್ ಬಾಕಿಯನ್ನು ಬೇರೆಯಾಗಿ ನೋಡಿ. ಓವರ್‌ಲೋಡಿಗೆ ದಂಡ 20,000 ರೂಪಾಯಿಯಿಂದ ಶುರು, ಮೇಲಿನ ಪ್ರತಿ ಟನ್ನಿಗೆ 2,000. ಹಳೆಯ ಮಾಲಕರು ಕಟ್ಟದೆ ಬಿಟ್ಟ ಇಂಥ ಎರಡು ಚಲನ್ ಇದ್ದರೆ ನಿಮ್ಮ ಒಂದು ತಿಂಗಳ ದುಡಿಮೆ ಹೋಯಿತು. ಎಂಟು ವರ್ಷ ದಾಟಿದ ಗಾಡಿಗೆ ವರ್ಷಕ್ಕೊಮ್ಮೆ ಪಾಸಿಂಗ್ ಬೇಕು. ಹನ್ನೆರಡು ವರ್ಷ ದಾಟಿದ ಸಾದಾ ಲಾರಿಗೆ ನ್ಯಾಷನಲ್ ಪರ್ಮಿಟ್ ಸಿಗುವುದಿಲ್ಲ. ಹತ್ತು ವರ್ಷದ ಗಾಡಿಗೆ ನಾಲ್ಕು ವರ್ಷದ ಕಂತು ಮಾಡಿಕೊಳ್ಳುವವರು ಇದನ್ನು ಕೂತು ಯೋಚಿಸಬೇಕು.

ಬೆಲೆಯ ಬಗ್ಗೆ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಹೊಸ ಸರಕು ಗಾಡಿಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಹೊಸದರ ಬೆಲೆ ಇಳಿದಾಗ ಹಳೆಯದರ ಬೆಲೆಯೂ ಇಳಿಯಬೇಕು. ಇಳಿಕೆಗೆ ಮುಂಚಿನ ರೇಟು ಹೇಳಿದರೆ ಒಪ್ಪಬೇಡಿ.

ಮಾಡಬೇಕಾದ್ದು: ಕೈಯಲ್ಲಿ ಕೊಡುವ ದುಡ್ಡು, ಕಂತಿನ ದುಡ್ಡು ಎರಡನ್ನೂ ಕೂಡಿಸಿ ಒಂದೇ ಅಂಕಿ ಮಾಡಿ.

ಲೆಕ್ಕಕ್ಕೆಂದು ಒಂದು ಉದಾಹರಣೆ. ಹತ್ತು ಗಾಲಿಯ ಹಳೆ ಲಾರಿ, ಪೇಟೆಯಲ್ಲಿ ಹತ್ತು ಲಕ್ಷ ಬಾಳುತ್ತದೆ ಎನ್ನಿ. ಮಾಲಕರು ಕೇಳುವುದು ಎರಡೂವರೆ ಲಕ್ಷ ನಗದು, 38,000ದ 30 ಕಂತು. ಕಂತುಗಳೇ 11,40,000. ನಗದು ಸೇರಿದರೆ 13,90,000. ಅದೇ ಎರಡೂವರೆ ಲಕ್ಷ ಮುಂಗಡ ಕಟ್ಟಿ, ಉಳಿದ ಏಳೂವರೆ ಲಕ್ಷಕ್ಕೆ ನಿಮ್ಮ ಹೆಸರಿನಲ್ಲೇ ಶೇ. 18ರ ಇಳಿಕೆ ಬಡ್ಡಿಯಲ್ಲಿ ಸಾಲ ಮಾಡಿದರೂ ಕಂತು 31,200ರ ಆಸುಪಾಸು, ಒಟ್ಟು 11,87,000. ಶೇ. 18 ಸಣ್ಣ ಬಡ್ಡಿಯಲ್ಲ. ಅಷ್ಟು ಬಡ್ಡಿ ಕೊಟ್ಟರೂ ಎರಡು ಲಕ್ಷ ಉಳಿಯುತ್ತದೆ, ಗಾಡಿ ಮೊದಲ ದಿನದಿಂದ ನಿಮ್ಮ ಹೆಸರಿನಲ್ಲಿರುತ್ತದೆ.

ಫ್ಲ್ಯಾಟ್ ಬಡ್ಡಿ ಎಂಬ ಮಾತು ಬಂದರೆ ಅಲ್ಲೇ ನಿಲ್ಲಿ. ಹತ್ತು ಲಕ್ಷಕ್ಕೆ ಶೇ. 10 ಫ್ಲ್ಯಾಟ್, ಮೂರು ವರ್ಷ ಎಂದರೆ ಬಡ್ಡಿ ಮೂರು ಲಕ್ಷ, ತಿಂಗಳ ಕಂತು 36,111. ನೀವು ತಿಂಗಳು ತಿಂಗಳು ಅಸಲು ತೀರಿಸುತ್ತಾ ಬಂದರೂ ಬಡ್ಡಿ ಮಾತ್ರ ಕೊನೆಯವರೆಗೂ ಪೂರ್ತಿ ಹತ್ತು ಲಕ್ಷದ ಮೇಲೆಯೇ ನಡೆಯುತ್ತದೆ. ಇಳಿಕೆ ಲೆಕ್ಕಕ್ಕೆ ತಂದರೆ ಅದು ಶೇ. 18ಕ್ಕೆ ಹತ್ತಿರ.

ಮಾಡಬಾರದ್ದು: ಕಬ್ಬಿನ ಸೀಸನ್ನಿನ ಗಳಿಕೆ ನೋಡಿ ಹನ್ನೆರಡು ತಿಂಗಳ ಕಂತಿಗೆ ಒಪ್ಪಬೇಡಿ.

ನಮ್ಮ ಭಾಗದ ಗಾಡಿಗಳ ಹೊಟ್ಟೆ ತುಂಬುವುದು ಕಬ್ಬಿನಿಂದ. ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಕ್ಕರೆ ಕಾರ್ಖಾನೆ, ಮುನವಳ್ಳಿಯ ರೇಣುಕಾ ಕಾರ್ಖಾನೆ ನುರಿಸಲು ಶುರು ಮಾಡಿದ ಮೇಲೆ ಗಾಡಿಗೆ ಬಿಡುವಿರುವುದಿಲ್ಲ. ಆದರೆ ಅದು ನಾಲ್ಕೈದು ತಿಂಗಳ ಮಾತು. ಬಾಡಿಗೆ ಸಿಗುವುದು ಟನ್ನಿಗೆ ಇಷ್ಟು, ದೂರಕ್ಕೆ ಇಷ್ಟು ಎಂದು. ಕಾರ್ಖಾನೆ ಯಾರ್ಡಿನಲ್ಲಿ ಪಾಳಿಗೆ ಕಾದ ರಾತ್ರಿಗೆ ದುಡ್ಡಿಲ್ಲ. ಸೀಸನ್ ಮುಗಿದ ಮೇಲೆ ಹತ್ತಿ, ಗೋವಿನಜೋಳ, ಕಡಲೆ, ಯಾದವಾಡದ ಸಿಮೆಂಟು. ಮಳೆಗಾಲದಲ್ಲಿ ಅದೂ ತೆಳ್ಳಗೆ.

ಸೀಸನ್ನೇ ತಡವಾದರೆ? 2025ರ ನವೆಂಬರಿನಲ್ಲಿ ರೈತರು ಕಬ್ಬಿನ ದರಕ್ಕಾಗಿ ಗುರ್ಲಾಪುರ ಕ್ರಾಸಿನಲ್ಲಿ ಧರಣಿ ಕೂತರು. ಅವರ ಬೇಡಿಕೆ ನ್ಯಾಯವಾದದ್ದು, ಅದಕ್ಕೆ ಎರಡು ಮಾತಿಲ್ಲ. ಆದರೆ ಕಬ್ಬು ಸಾಗದ ಆ ದಿನಗಳಲ್ಲೂ ಕಂತಿನ ತಾರೀಖು ಮುಂದೆ ಹೋಗಲಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಕಡೆ ಊರು, ರಸ್ತೆ ಮುಳುಗಿದಾಗಲೂ ಹೀಗೇ ಆಗಿತ್ತು. ಆದ್ದರಿಂದ ಗಾಡಿ ತರುವ ದಿನವೇ ನಾಲ್ಕು ಕಂತಿನಷ್ಟು ದುಡ್ಡು ಬೇರೆ ಖಾತೆಯಲ್ಲಿರಬೇಕು. ಇಲ್ಲದಿದ್ದರೆ ಆ ವರ್ಷ ಗಾಡಿ ಬೇಡ, ಮುಂದಿನ ವರ್ಷಕ್ಕೆ ನೋಡಿ.

ಕಬ್ಬಿಗೆ ಗಾಡಿ ಹಚ್ಚುವವರು ಇನ್ನೊಂದನ್ನು ಗಮನಿಸಬೇಕು. ಕಾರ್ಖಾನೆಯ ಕರಾರು ಯಾರ ಹೆಸರಿಗೆ? ಬಾಡಿಗೆ ಬಿಲ್ಲು ಯಾರ ಖಾತೆಗೆ ಬರುತ್ತದೆ? ಗಾಡಿ ಹಳೆಯ ಮಾಲಕರ ಹೆಸರಿನಲ್ಲೇ ಇದ್ದರೆ ನೀವು ರಾತ್ರಿ ಹಗಲು ಹೊಡೆದ ಬಾಡಿಗೆ ಅವರ ಖಾತೆಗೆ ಹೋಗುತ್ತದೆ, ನೀವು ಅವರ ಮನೆ ಬಾಗಿಲಲ್ಲಿ ನಿಂತು ಕೇಳಬೇಕು. ಕರಾರು ನಿಮ್ಮ ಹೆಸರಿಗಿದ್ದರೆ ಕಬ್ಬು ಕಡಿಯುವ ಗ್ಯಾಂಗಿಗೆ ಕೊಟ್ಟ ಮುಂಗಡದ ಹೊಣೆ ನಿಮ್ಮದು. ಗ್ಯಾಂಗಿನ ಮುಕಾದಮ ದುಡ್ಡು ತೆಗೆದುಕೊಂಡು ಆಳುಗಳನ್ನು ಕರೆತರದಿದ್ದರೆ ಕಾರ್ಖಾನೆ ಹಿಡಿಯುವುದು ಸಹಿ ಮಾಡಿದವರನ್ನು. ಮೊದಲ ವರ್ಷವೇ ಗಾಡಿ ಸಾಲದ ಮೇಲೆ ಗ್ಯಾಂಗಿನ ಮುಂಗಡವನ್ನೂ ಹೊರಬೇಡಿ.

ಮಾಡಬೇಕಾದ್ದು: ಖರ್ಚಿನ ಪಟ್ಟಿಯಲ್ಲಿ ನಿಮ್ಮ ಸಂಬಳವನ್ನೂ ಬರೆಯಿರಿ.

ಡೀಸೆಲ್, ಟೋಲ್, ಟೈರು, ಗ್ರೀಸು, ಪಾಟಾ, ಕ್ಲೀನರ್ ಭತ್ತೆ, ಮೂರು ತಿಂಗಳ ಟ್ಯಾಕ್ಸು ಎಲ್ಲರೂ ಬರೆಯುತ್ತಾರೆ. ವಿಮೆಯನ್ನು ವರ್ಷಕ್ಕೊಮ್ಮೆ ಬರುವ ಖರ್ಚೆಂದು ಮರೆಯುತ್ತಾರೆ. 2022ರ ಜೂನಿನ ದರದಲ್ಲಿ 20ರಿಂದ 40 ಟನ್ ಒಳಗಿನ ಸರಕು ಗಾಡಿಗೆ ಥರ್ಡ್ ಪಾರ್ಟಿ ಪ್ರೀಮಿಯಂ ಒಂದೇ 43,950 ರೂಪಾಯಿ, ಜಿಎಸ್‌ಟಿ ಬೇರೆ. ಹತ್ತು ಗಾಲಿಯ ಲಾರಿ ಈ ಸಾಲಿಗೇ ಬರುತ್ತದೆ. ತಿಂಗಳಿಗೆ 3,700 ಎತ್ತಿಡಬೇಕು ಎಂದಾಯಿತು.

ಯಾರೂ ಬರೆಯದಿರುವುದು ಸ್ವಂತ ಸಂಬಳ. ಮಂದಿ ಗಾಡಿ ಹೊಡೆಯುವಾಗ ಸಿಗುತ್ತಿದ್ದ ಪಗಾರ, ಭತ್ತೆ ಎರಡನ್ನೂ ಖರ್ಚಿಗೆ ಹಾಕಿ, ಆಮೇಲೆ ಕಂತು ಕಳೆಯಿರಿ. ಏನೂ ಉಳಿಯದಿದ್ದರೆ ಆ ಗಾಡಿಯ ಕಂತು ತೀರುವುದು ಗಾಡಿಯ ದುಡಿಮೆಯಿಂದ ಅಲ್ಲ, ನಿಮ್ಮ ಮಕ್ಕಳ ಅನ್ನದಿಂದ. ಅಂಥ ಗಾಡಿಯನ್ನು ಕಣ್ಣು ಮುಚ್ಚಿ ಬಿಟ್ಟುಬಿಡಿ.

ಮಾಡಬಾರದ್ದು: ಲೋಡು ಕೊಡುವವರ ಹತ್ತಿರವೇ ಗಾಡಿಯನ್ನೂ ಕಂತಿಗೆ ತೆಗೆದುಕೊಳ್ಳಬೇಡಿ.

ಗಾಡಿ ನಮ್ಮದು, ಲೋಡು ನಮ್ಮದು, ಬಾಡಿಗೆಯಲ್ಲಿ ಕಂತು ಮುರಿದುಕೊಂಡು ಉಳಿದದ್ದು ಕೊಡುತ್ತೇವೆ ಎನ್ನುವ ಕರಾರು ಕೇಳಲು ಸಲೀಸು. ಲೋಡು ಕೊಡುವುದು ಬಿಡುವುದು ಅವರ ಕೈಯಲ್ಲಿ, ಬಾಡಿಗೆ ನಿಗದಿ ಅವರ ಕೈಯಲ್ಲಿ, ಕಂತು ತಪ್ಪಿದಾಗ ಗಾಡಿ ಕಸಿದುಕೊಳ್ಳುವುದೂ ಅವರ ಕೈಯಲ್ಲಿ. ಕೊನೆಯ ಐದು ಕಂತು ಉಳಿದಾಗ ಲೋಡು ನಿಂತರೆ ಏನು ಮಾಡುತ್ತೀರಿ? ಅಮೆರಿಕದಲ್ಲಿ ಇಂಥ ಕರಾರುಗಳು ಬಹಳ. ಅವನ್ನು ಪರಿಶೀಲಿಸಲು ಅಲ್ಲಿನ ಸರ್ಕಾರ ನೇಮಿಸಿದ ಲಾರಿ ಗುತ್ತಿಗೆ ಕಾರ್ಯಪಡೆ 2025ರ ಜನವರಿಯಲ್ಲಿ ವರದಿ ಕೊಟ್ಟಿತು. ಕಂತು ಮುಗಿಸಿ ಲಾರಿ ಮಾಲಕರಾಗುವ ಡ್ರೈವರುಗಳು ತೀರಾ ಕಡಿಮೆ, ಈ ಪದ್ಧತಿಯನ್ನೇ ನಿಷೇಧಿಸಬೇಕು ಎಂಬುದು ಅದರ ಶಿಫಾರಸು. ನಮ್ಮಲ್ಲಿ ಹೈರ್ ಪರ್ಚೇಸಿಗೆಂದೇ 1972ರಲ್ಲಿ ಒಂದು ಕಾಯ್ದೆ ಪಾಸಾಗಿತ್ತು. ಅದು ಒಂದು ದಿನವೂ ಜಾರಿಗೆ ಬರದೆ 2005ರಲ್ಲಿ ರದ್ದಾಯಿತು. ನಿಮ್ಮ ಕರಾರಿನಲ್ಲಿ ಏನು ಬರೆದಿದೆಯೋ ಅದೇ ನಿಮಗೆ ಕಾಯ್ದೆ ಎಂದು ತಿಳಿದು ಓದಿ.

ಮಾಡಬೇಕಾದ್ದು: ಸಾಲ ನಿಮ್ಮ ಹೆಸರಿನಲ್ಲೇ ಮಾಡಿ, ಗಾಡಿ ಸಣ್ಣದಾದರೂ ಚಿಂತೆಯಿಲ್ಲ.

ಡ್ರೈವರಿಗೆ ಯಾರು ಸಾಲ ಕೊಡುತ್ತಾರೆ ಎನ್ನುವ ಮಾತು ಹಳೆಯದು. 1979ರಲ್ಲಿ ಶುರುವಾದ ಶ್ರೀರಾಮ್ ಟ್ರಾನ್ಸ್‌ಪೋರ್ಟ್ ಫೈನಾನ್ಸ್, ಅಂದರೆ ಈಗಿನ ಶ್ರೀರಾಮ್ ಫೈನಾನ್ಸ್, ಬೆಳೆದದ್ದೇ ಡ್ರೈವರುಗಳಿಗೆ, ಸಣ್ಣ ಮಾಲಕರಿಗೆ ಹಳೆ ಲಾರಿ ಸಾಲ ಕೊಟ್ಟು. ಈಗ ಇಂಥ ಕಂಪನಿಗಳು ಹಲವು ಇವೆ. ಕನಿಷ್ಠ ಮೂರು ಕಡೆ ಕೇಳಿ. ಮುದ್ರಾ ಯೋಜನೆಯಲ್ಲಿ ಬ್ಯಾಂಕಿನಿಂದ ಸರಕು ಗಾಡಿಗೆ 10 ಲಕ್ಷದವರೆಗೆ ಸಾಲವಿದೆ, ಅದನ್ನು ಸರಿಯಾಗಿ ತೀರಿಸಿದವರಿಗೆ 20 ಲಕ್ಷದವರೆಗೆ. ರಾಜ್ಯದ ಅಭಿವೃದ್ಧಿ ನಿಗಮಗಳ ಸ್ವಾವಲಂಬಿ ಸಾರಥಿ ಯೋಜನೆಯಲ್ಲಿ ಗಾಡಿಗೆ ಸಹಾಯಧನ ಸಿಗುತ್ತದೆ; ಅರ್ಜಿ ಯಾವಾಗ ಕರೆಯುತ್ತಾರೆಂದು ನಿಮ್ಮ ವರ್ಗದ ನಿಗಮದ ಕಚೇರಿಯಲ್ಲಿ ವಿಚಾರಿಸುತ್ತಿರಿ. ವಿಜಯ ಸಂಕೇಶ್ವರರು 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಶುರು ಮಾಡಿದ ಕಥೆಯನ್ನು ಗಾಡಿ ಮಾರುವವರೆಲ್ಲ ಹೇಳುತ್ತಾರೆ. ಅವರ ಬೆನ್ನಿಗೆ ಮನೆತನದ ಮುದ್ರಣಾಲಯವಿತ್ತು ಎಂಬುದನ್ನೂ ನೆನಪಿಡಿ. ನಿಮ್ಮ ಬೆನ್ನಿಗೆ ಏನಿದೆಯೋ ಅಷ್ಟೇ ದೊಡ್ಡ ಗಾಡಿ ತೆಗೆದುಕೊಳ್ಳಿ.

2024ರ ಅಕ್ಟೋಬರ್ 1ರಿಂದ ಇಂಥ ಸಾಲಗಳಿಗೆ ಬ್ಯಾಂಕು, ಫೈನಾನ್ಸ್ ಕಂಪನಿಗಳು ಸಾಲದ ಮುಖ್ಯಾಂಶ ಪತ್ರ ಕೊಡಲೇಬೇಕು. ವರ್ಷದ ನಿಜವಾದ ಬಡ್ಡಿ, ಎಲ್ಲ ಫೀಸು, ಒಟ್ಟು ಎಷ್ಟು ಕಟ್ಟಬೇಕು ಎಂಬುದು ಅದರಲ್ಲಿರಬೇಕು, ನಿಮಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ಕನ್ನಡದಲ್ಲೇ ಕೇಳಿ ಪಡೆಯಿರಿ. ಮನೆಗೆ ತಂದು ಓದಿಸಿ. ಹೆಂಡತಿಯೂ ಓದಲಿ, ಯಾಕೆಂದರೆ ಬೋರಮಾಳ ಅಡವಿಡುವ ಹೊತ್ತು ಬಂದರೆ ಕೇಳುವುದು ಅವರನ್ನೇ.

ಹೊಲದ ಉತಾರ ಮಾತ್ರ ಕೊಡಬೇಡಿ. ಲಾರಿ ಸಾಲಕ್ಕೆ ಲಾರಿಯೇ ಅಡಮಾನ. ತುಂಬದ ಬಾಂಡಿಗೆ, ಖಾಲಿ ಕಾಗದಕ್ಕೆ ಸಹಿ ಬೇಡ. ಚೆಕ್ ಕೊಟ್ಟರೆ ಎಷ್ಟು ಕೊಟ್ಟಿರಿ, ಯಾವ ನಂಬರಿನವು ಎಂದು ಬರೆಸಿಕೊಂಡು ಸಹಿ ತೆಗೆದುಕೊಳ್ಳಿ.

ಈಗಾಗಲೇ ಬಾಂಡ್ ಪೇಪರ್ ಮೇಲೆ ಗಾಡಿ ತಂದಿದ್ದರೆ, ಈ ವಾರವೇ ಮಾಲಕರನ್ನು ಕರೆದುಕೊಂಡು ಫೈನಾನ್ಸ್ ಆಫೀಸಿಗೆ ಹೋಗಿ. ಸಾಲವನ್ನು ನಿಮ್ಮ ಹೆಸರಿಗೆ ಮಾಡಿಕೊಡಿ ಎಂದು ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಫೈನಾನ್ಸಿನವರು ಒಪ್ಪುವವರೆಗೆ ಒಂದು ರೂಪಾಯಿಯನ್ನೂ ಮಾಲಕರ ಕೈಗೆ ಕೊಡಬೇಡಿ. ಸಾಲದ ಖಾತೆಗೆ ನೇರವಾಗಿ ಕಟ್ಟಿ ರಸೀದಿ ಇಟ್ಟುಕೊಳ್ಳಿ. ನಿಮ್ಮ ಹೆಸರಿನಲ್ಲಿ ಬೇರೆಯಾಗಿ ಒಂದು ಅಪಘಾತ ವಿಮೆ ಮಾಡಿಸಿ. ಮಾಲಕರು ಬರಲು ಒಪ್ಪದಿದ್ದರೆ ಅದೇ ನಿಮಗೆ ಉತ್ತರ: ಇನ್ನಷ್ಟು ಕಂತು ಸುರಿಯುವ ಮೊದಲು ವಕೀಲರನ್ನು ಕಾಣಿ.

ಕಂತು ತಪ್ಪಿದರೆ ಗಾಡಿ ಬಚ್ಚಿಡಬೇಡಿ, ಸೀಜ್ ಮಾಡಲು ಬಂದವರ ಮೇಲೆ ಕೈ ಎತ್ತಬೇಡಿ. ಅವರೂ ನಿಮ್ಮ ಮೇಲೆ ಕೈ ಮಾಡುವಂತಿಲ್ಲ. ಸಾಲ ವಸೂಲಿಗೆ ಗೂಂಡಾಗಳನ್ನು ಬಳಸಬಾರದೆಂದು ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ. ಗುರುತಿನ ಚೀಟಿ, ಕಂಪನಿಯ ಪತ್ರ ಕೇಳಿ. ಗಾಡಿಯಲ್ಲಿ ಏನೇನಿದೆ, ಟೈರು ಯಾವ ಸ್ಥಿತಿಯಲ್ಲಿವೆ ಎಂದು ಫೋಟೋ ತೆಗೆದು ಪಟ್ಟಿ ಬರೆಸಿ. ಮಾರುವ ಮೊದಲು ಬಾಕಿ ಕಟ್ಟಿ ಬಿಡಿಸಿಕೊಳ್ಳಲು ನಿಮಗೊಂದು ಕೊನೆಯ ಅವಕಾಶ ಕೊಡಬೇಕು. ಕಂಪನಿಗೆ ದೂರು ಕೊಟ್ಟು 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ಮಾಹಿತಿಗೆ 14448ಕ್ಕೆ ಫೋನ್ ಮಾಡಿ. ಅಲ್ಲಿಯೂ ಸಾಲ ನಿಮ್ಮ ಹೆಸರಿನಲ್ಲಿದ್ದರೇನೇ ನಿಮ್ಮ ದೂರಿಗೆ ಬಲ.

ಕೊನೆಯ ಕಂತು ಕಟ್ಟಿದ ದಿನ ಸುಮ್ಮನೆ ಮನೆಗೆ ಹೋಗಬೇಡಿ. ಫೈನಾನ್ಸಿನಿಂದ ಎನ್‌ಓಸಿ, ಸಹಿ ಮಾಡಿದ ಫಾರಂ 35 ಪಡೆದು ಆರ್‌ಟಿಓಗೆ ಕೊಟ್ಟು ಎಚ್‌ಪಿ ಕ್ಯಾನ್ಸಲ್ ಮಾಡಿಸಿ. ವಿಮಾ ಕಂಪನಿಗೂ ತಿಳಿಸಿ ಪಾಲಿಸಿಯಿಂದ ಫೈನಾನ್ಸಿನ ಹೆಸರು ತೆಗೆಸಿ. ಕೊಟ್ಟಿದ್ದ ಚೆಕ್ಕುಗಳನ್ನು ಬರೆದಿಟ್ಟ ನಂಬರಿನ ಪ್ರಕಾರ ಎಣಿಸಿ ವಾಪಸ್ ತೆಗೆದುಕೊಳ್ಳಿ.